ಗಣಿತದಲ್ಲಿ ಬಿ.ಎಸ್ಸಿ. ಮಾಡಿದರೆ ಲಾಭವೋ ನಷ್ಟವೋ?

ಪ್ರಶ್ನೆ: ಮೇಡಂ, ಮಗಳಿಗೆ ಪಿಯುಸಿ ಗಣಿತದಲ್ಲಿ 97 ಬಂದಿದೆ. ಸಿಇಟಿಯಲ್ಲಿ ರ‍್ಯಾಂಕಿಂಗ್ ಅಷ್ಟೇನೂ ಚೆನ್ನಾಗಿಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಸೀಟಿಗೆ ಹಾಸ್ಟೆಲ್ ಸೇರಿ ನಾಲ್ಕು ವರ್ಷಕ್ಕೆ 14 ಲಕ್ಷ ಆಗುತ್ತದೆ. ನನ್ನ ಹತ್ತಿರ 4 ಲಕ್ಷ ಇದೆ, ಉಳಿದದ್ದು ಸಾಲ. ಅವಳು ಮಾತ್ರ ಇಲ್ಲೇ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಗಣಿತ ಓದ್ತೀನಿ ಅಂತಾಳೆ. 'ಆಮೇಲೆ ಟ್ಯೂಷನ್ ಹೇಳ್ಕೊಂಡು ಕೂರಬೇಕಾಗುತ್ತೆ' ಅಂತ ನೆಂಟರೆಲ್ಲ ಹೆದರಿಸುತ್ತಿದ್ದಾರೆ. ಏನು ಮಾಡಲಿ?
— ಹೆಸರು ಬೇಡ, ಕಡೂರು

ಉತ್ತರ: ಮೊದಲು ಸಾಲದ ಲೆಕ್ಕ ನೋಡೋಣ. 10 ಲಕ್ಷ ಸಾಲ, ಶೇ 10.5 ಬಡ್ಡಿ, 7 ವರ್ಷದ ಅವಧಿ ಅಂದುಕೊಳ್ಳಿ. ತಿಂಗಳ ಕಂತು ಸುಮಾರು 16,900 ರೂಪಾಯಿ. ಕೊನೆಗೆ ನೀವು ಕಟ್ಟಿರುವುದು 14 ಲಕ್ಷಕ್ಕೂ ಜಾಸ್ತಿ. ಓದುವ ನಾಲ್ಕು ವರ್ಷದಲ್ಲಿ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಇಂಜಿನಿಯರಿಂಗ್ ಮುಗಿಸಿ ಅವಳಿಗೆ 30,000 ಸಂಬಳ ಬಂತು ಅನ್ನಿ. ಕಂತು ಹೋಗಿ ಕೈಗೆ ಉಳಿಯುವುದು 13,100. ಅದರಲ್ಲೇ ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಬಸ್ಸು. ನೆಂಟರು ಸಂಬಳ ಮಾತ್ರ ಹೇಳುತ್ತಾರೆ, ಕಂತಿನ ಸುದ್ದಿ ಎತ್ತುವುದಿಲ್ಲ, ಅಲ್ವಾ?

ಸರ್ಕಾರಿ ಕೋಟಾದಲ್ಲಿ ಒಳ್ಳೆಯ ಕಾಲೇಜು ಸಿಕ್ಕಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ. ನನ್ನ ತಕರಾರು ಇಂಜಿನಿಯರಿಂಗ್ ಮೇಲಲ್ಲ, ಆ ಹತ್ತು ಲಕ್ಷದ ಮೇಲೆ.

ಈಗ ಗಣಿತದ ಕಡೆಗೆ ಬನ್ನಿ. ಇಲ್ಲಿ ಖರ್ಚು ಕಡಿಮೆ. ಊರಲ್ಲೇ ಬಿ.ಎಸ್ಸಿ., ಆಮೇಲೆ ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟದಂಥ ಕಡೆ ಎಂ.ಎಸ್ಸಿ. ಅಂದರೂ ನಿಮ್ಮ 4 ಲಕ್ಷ ದಾಟುವ ಸಂಭವ ಕಡಿಮೆ. ಆದರೆ ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಬರೀ ಬಿ.ಎಸ್ಸಿ. ಗಣಿತಕ್ಕೆ ನಿಂತುಬಿಟ್ಟರೆ ನಿಮ್ಮ ನೆಂಟರು ಹೇಳಿದ್ದೇ ನಿಜ ಆಗಬಹುದು. ಈ ಡಿಗ್ರಿಗೆ ಬೆಲೆ ಬರುವುದು ಅದರ ಜೊತೆಗೆ ಇನ್ನೊಂದನ್ನು ಸೇರಿಸಿದಾಗ. ಆ ಇನ್ನೊಂದು ಯಾವುದು ಅನ್ನುವುದನ್ನು ಎರಡನೇ ವರ್ಷ ಮುಗಿಯುವುದರೊಳಗೆ ತೀರ್ಮಾನಿಸಬೇಕು.

ಹಾಗಾಗಿ ಕಾಂಬಿನೇಷನ್ ಬಹಳ ಮುಖ್ಯ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಇದ್ದರೆ ಬಿಡಬೇಡಿ. ಕೇಂದ್ರ ಸರ್ಕಾರದ ಅಂಕಿಅಂಶ ಅಧಿಕಾರಿಗಳನ್ನು ಆರಿಸಲು ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆಗೆ ಪದವಿಯಲ್ಲಿ ಗಣಿತ ಒಂದೇ ಇದ್ದರೆ ಸಾಲದು, ಸಂಖ್ಯಾಶಾಸ್ತ್ರವೂ ಒಂದು ವಿಷಯವಾಗಿರಬೇಕು, ಇಲ್ಲವೇ ಅದರಲ್ಲೇ ಸ್ನಾತಕೋತ್ತರ ಪದವಿ ಆಗಿರಬೇಕು. ಇದು ಗೊತ್ತಿಲ್ಲದೆ ಆಮೇಲೆ ಕೈ ಹಿಸುಕಿಕೊಂಡ ಶಿಷ್ಯರು ನನಗಿದ್ದಾರೆ. ಸಾಫ್ಟ್‌ವೇರ್ ಕಡೆ ಮನಸ್ಸಿದ್ದರೆ ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್ ತೆಗೆದುಕೊಳ್ಳಲಿ. ಮುಂದೆ ಎಂಸಿಎ ಮಾಡಬಹುದು. ವಿಪ್ರೊದಂಥ ಕಂಪನಿಗಳು ಬಿ.ಎಸ್ಸಿ. ಆದವರನ್ನು ಸೇರಿಸಿಕೊಂಡು, ಕೆಲಸದ ಜೊತೆಗೇ ಎಂ.ಟೆಕ್. ಓದಿಸುವುದೂ ಇದೆ. ಹೈಸ್ಕೂಲ್ ಮೇಷ್ಟ್ರ ಕೆಲಸ ಬೇಕೆಂದರೆ ಬಿ.ಎಡ್. ಆಗಲೇಬೇಕು. ನೇಮಕಾತಿ ಅಧಿಸೂಚನೆಯಲ್ಲಿ ಡಿಗ್ರಿಯಲ್ಲಿ ಯಾವ್ಯಾವ ವಿಷಯ ಇರಬೇಕು ಅಂತ ಬರೆದಿರುತ್ತದೆ. ಹಳೆಯ ಅಧಿಸೂಚನೆ ಒಂದನ್ನು ಈಗಲೇ ಓದಿಟ್ಟುಕೊಳ್ಳಿ.

ಆ್ಯಕ್ಚುವರಿ ಅನ್ನುವ ಕೆಲಸ ನಮ್ಮ ಕಡೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ವಿಮಾ ಕಂಪನಿಗಳಲ್ಲಿ ಪ್ರೀಮಿಯಂ ಎಷ್ಟಿರಬೇಕು, ಮುಂದೆ ಕ್ಲೇಮ್ ಕೊಡಲು ಎಷ್ಟು ಹಣ ಎತ್ತಿಡಬೇಕು ಅಂತ ಲೆಕ್ಕ ಹಾಕುವವರು ಇವರು. ಸಂಬಳ ಚೆನ್ನಾಗಿದೆ. ಆದರೆ ಮೊದಲು ಎಸಿಇಟಿ ಅನ್ನುವ ಪ್ರವೇಶ ಪರೀಕ್ಷೆ, ಆಮೇಲೆ ಹತ್ತಕ್ಕೂ ಹೆಚ್ಚು ಪೇಪರ್‌ಗಳು. ಸಿ.ಎ. ಥರವೇ ವರ್ಷಗಟ್ಟಲೆ ಎಳೆಯುತ್ತದೆ. ಕೆಲಸ ಮಾಡುತ್ತಲೇ ಬರೆಯಬಹುದು ಅನ್ನುವುದೊಂದು ಅನುಕೂಲ.

ಕಾಲೇಜು ಮೇಷ್ಟ್ರಾಗುವ ದಾರಿ ಉದ್ದ. ಎಂ.ಎಸ್ಸಿ. ನಂತರ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕಿದರೆ, ಪಿಎಚ್.ಡಿ.ಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. 2023ರಿಂದ ಇರುವ ದರ ಇದು. ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ ಯುಜಿಸಿ ಪ್ರಕಾರ 57,700. ಕೇಳಲು ಚೆಂದ. ಆದರೆ ಖಾಯಂ ಹುದ್ದೆ ಕಡಿಮೆ, ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುವವರೇ ಜಾಸ್ತಿ. ಇದನ್ನು ನಂಬಿ ಮನೆ ಲೆಕ್ಕ ಹಾಕಬೇಡಿ.

ಮಗಳು ನಿಜಕ್ಕೂ ಚುರುಕಾಗಿದ್ದರೆ ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿ ಬಿ.ಮ್ಯಾತ್. ಅನ್ನುವ ಗಣಿತದ ಪದವಿ ಮಾಡುವವರಿಗೆ ಸ್ಟೈಪೆಂಡ್ ಕೊಟ್ಟು ಓದಿಸುವ ಪರಿಪಾಠವಿದೆ. ಪ್ರವೇಶ ಪರೀಕ್ಷೆ ಬಲು ಕಷ್ಟ. ಈ ವರ್ಷದ್ದು ತಪ್ಪಿದ್ದರೆ, ಬಿ.ಎಸ್ಸಿ. ಮುಗಿಸಿ ಅದೇ ಸಂಸ್ಥೆಯ ಎಂ.ಮ್ಯಾತ್.ಗೆ ಬರೆಯಬಹುದು.

ಇಷ್ಟೆಲ್ಲ ಹೇಳಿದ ಮೇಲೂ ನನಗೊಂದು ಅನುಮಾನ ಉಳಿದಿದೆ. ಆ 97 ಅಂಕ. ಪಿಯುಸಿ ಗಣಿತ ಅಂದರೆ ಹೆಚ್ಚಾಗಿ ಲೆಕ್ಕ ಬಿಡಿಸುವುದು. ಡಿಗ್ರಿಯಲ್ಲಿ ಗ್ರೂಪ್ ಥಿಯರಿ, ರಿಯಲ್ ಅನಾಲಿಸಿಸ್ ಬರುತ್ತವೆ. ಅಲ್ಲಿ ಉತ್ತರ ಎಷ್ಟು ಅಂತ ಯಾರೂ ಕೇಳುವುದಿಲ್ಲ, ಯಾಕೆ ಅಂತ ಸಾಧಿಸಿ ತೋರಿಸು ಅನ್ನುತ್ತಾರೆ. ನೂರಕ್ಕೆ ನೂರು ತೆಗೆದವರೂ ಅಲ್ಲಿ ತಬ್ಬಿಬ್ಬಾಗಿದ್ದನ್ನು ನೋಡಿದ್ದೇನೆ. ಪರಿಚಯದ ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿ ಯಾರಾದರೂ ಇದ್ದರೆ ಅವಳ ನೋಟ್ಸ್ ತಂದು ಮಗಳಿಗೆ ಕೊಡಿ. ಒಂದು ವಾರ ಸುಮ್ನೆ ಬಿಟ್ಟುಬಿಡಿ. ತಾನಾಗಿ ಪೆನ್ನು ಹಿಡಿದು ಕೂತರೆ ಬಿ.ಎಸ್ಸಿ.ಗೇ ಸೇರಿಸಿ. ಪುಸ್ತಕ ಮುಚ್ಚಿಟ್ಟರೆ ನನಗೆ ಇನ್ನೊಂದು ಪತ್ರ ಬರೆಯಿರಿ. ಬ್ಯಾಂಕಿಗೆ ಹೋಗುವುದು ಅದಾದ ಮೇಲೆ.