ಎಂಟು ಸಾವಿರದ ಸೆಕೆಂಡ್ ಹ್ಯಾಂಡ್ ಸೋನಿ ಡಬ್ಲ್ಯೂ830: ಕೊಳ್ಳುವ ಮುನ್ನ ಏನೇನು ಪರೀಕ್ಷಿಸಬೇಕು?

ನೀವು ಕೇಳಿದ್ದು ಇಷ್ಟು: ಬಳಸಿದ ಸೋನಿ ಸೈಬರ್‌ಶಾಟ್ ಡಬ್ಲ್ಯೂ830 ಎಂಟು ಸಾವಿರಕ್ಕೆ ಸಿಗುತ್ತಿದೆ, 20 ಮೆಗಾಪಿಕ್ಸೆಲ್ ಅಂತ ಮಾರುವವರು ಒತ್ತಿ ಹೇಳುತ್ತಿದ್ದಾರೆ. ಪ್ರವಾಸ, ಮನೆಯ ಶುಭಕಾರ್ಯ, ಊರಿನ ಯಕ್ಷಗಾನ ಮೂರಕ್ಕೂ ಆಗುತ್ತದಾ? ಅದರ ಗುಣದೋಷ ನಾನೇ ನೋಡಿ ತಿಳಿಯುವುದು ಹೇಗೆ?

ಮೊದಲು ಉತ್ತರ ಹೇಳಿಬಿಡುತ್ತೇನೆ. ಹಗಲಿನ ಪ್ರವಾಸಕ್ಕೆ ಚೆನ್ನಾಗಿ ಆಗುತ್ತದೆ. ಮನೆಯ ಕಾರ್ಯಕ್ರಮಕ್ಕೆ, ಎರಡು ಮೂರು ಮೀಟರ್ ಒಳಗೆ ನಿಂತು ಫ್ಲ್ಯಾಶ್ ಹಾಕಿ ತೆಗೆದರೆ ಆಗುತ್ತದೆ. ಯಕ್ಷಗಾನಕ್ಕೆ, ಹಿಂದೆ ಕೂತು ಜೂಮ್ ಮಾಡುವ ಯೋಚನೆಯಿದ್ದರೆ ಆಗುವುದಿಲ್ಲ. ಮೂರಕ್ಕೂ ಕಾರಣ ಒಂದೇ, ಲೆನ್ಸಿನಿಂದ ಒಳಗೆ ಬರುವ ಬೆಳಕಿನ ಪ್ರಮಾಣ.

ಈ ಕ್ಯಾಮೆರಾ 2014ರ ಜನವರಿಯಲ್ಲಿ ಬಂದದ್ದು. ಒಳಗಿರುವುದು 1/2.3 ಇಂಚು ಅಳತೆಯ, ಸಿಸಿಡಿ ಎಂಬ ಬಗೆಯ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್. ಹೆಸರಿನಲ್ಲಿ ಇಂಚು ಇದ್ದರೂ ಅದರ ನಿಜವಾದ ಅಗಲ ಸುಮಾರು 6.2 ಮಿ.ಮೀ., ಎತ್ತರ 4.6 ಮಿ.ಮೀ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅಷ್ಟು ಜಾಗದಲ್ಲಿ 20.1 ಮೆಗಾಪಿಕ್ಸೆಲ್ ತುರುಕಿದ್ದಾರೆ, ಅಂದರೆ ಒಂದೊಂದು ಪಿಕ್ಸೆಲ್ ಸುಮಾರು 1.2 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಹತ್ತು ಜನಕ್ಕೆ ಮಾಡಿದ ಅನ್ನವನ್ನು ನೂರು ಎಲೆಗೆ ಬಡಿಸಿದ ಹಾಗೆ. ಎಲೆ ಹೆಚ್ಚಾದರೆ ಅನ್ನ ಹೆಚ್ಚಾಗುವುದಿಲ್ಲ. ಇದರ ಜೊತೆ ಬೆಳಕಿನ ಸ್ವಭಾವವೂ ಅಡ್ಡ ಬರುತ್ತದೆ. ಪೂರ್ತಿ ಜೂಮ್‌ನಲ್ಲಿ ಈ ಲೆನ್ಸಿನ ರಂಧ್ರ ಎಫ್/6.3 (ಈ ಅಂಕಿ ಹೆಚ್ಚಾದಷ್ಟೂ ಒಳಬರುವ ಬೆಳಕು ಕಡಿಮೆ). ಆಗ ಒಂದು ಬೆಳಕಿನ ಚುಕ್ಕಿ ಸೆನ್ಸರ್ ಮೇಲೆ ಸುಮಾರು 8 ಮೈಕ್ರಾನ್ ಅಗಲಕ್ಕೆ ಹರಡಿಕೊಳ್ಳುತ್ತದೆ, ಏಳು ಪಿಕ್ಸೆಲ್‌ಗಳಷ್ಟು. ಹಾಗಾಗಿ ಲೆನ್ಸ್ ಎಷ್ಟೇ ಒಳ್ಳೆಯದಿದ್ದರೂ ಜೂಮ್ ಮಾಡಿದ ಚಿತ್ರದಲ್ಲಿ 20 ಮೆಗಾಪಿಕ್ಸೆಲ್‌ನ ವಿವರ ಇರುವುದಕ್ಕೆ ಸಾಧ್ಯವೇ ಇಲ್ಲ. ಮೆನುವಿನಲ್ಲಿ ಸೈಜನ್ನು 10 ಮೆಗಾಪಿಕ್ಸೆಲ್‌ಗೆ ಇಳಿಸಿಟ್ಟುಕೊಳ್ಳಿ, ಪೂರ್ತಿ ಜೂಮ್‌ನಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

ನೋಡಬೇಕಾದದ್ದು ಲೆನ್ಸಿನ ಸುತ್ತ ಬರೆದಿರುವ ಎಫ್ ಅಂಕಿ. ಇದರದ್ದು 3.3ರಿಂದ 6.3. ಜೂಮ್ ಮಾಡದೆ ಅಗಲವಾಗಿಟ್ಟಾಗ ಎಫ್/3.3, ಪೂರ್ತಿ ಜೂಮ್ ಮಾಡಿದಾಗ ಎಫ್/6.3. ಅಷ್ಟು ಜೂಮ್ ಮಾಡಿದರೆ ಒಳಗೆ ಬರುವ ಬೆಳಕು ಕಾಲು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ಯಕ್ಷಗಾನದ ಲೆಕ್ಕ ಇಲ್ಲೇ ತಪ್ಪುವುದು. ಚೆನ್ನಾಗಿ ದೀಪ ಹಾಕಿದ ಒಂದು ರಂಗಸ್ಥಳ ಎಂದುಕೊಳ್ಳಿ. ಐಎಸ್‌ಒ (ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಬೇಕೆಂಬ ಅಂಕಿ) 800 ಇಟ್ಟು ಪೂರ್ತಿ ಜೂಮ್ ಮಾಡಿದರೆ ಶಟರ್ ವೇಗ, ಅಂದರೆ ಒಂದು ಫೋಟೊಗೆ ಬೆಳಕು ಬೀಳುವ ಸಮಯ, ಸುಮಾರು 1/25 ಸೆಕೆಂಡಿಗೆ ಬಂದು ನಿಲ್ಲುತ್ತದೆ. ಅದೇ ಬೆಳಕಿಗೆ ಜೂಮ್ ಇಲ್ಲದೆ 1/90ರ ಆಸುಪಾಸು ಸಿಗುತ್ತದೆ. ವೇಷಧಾರಿ ಗಿರಕಿ ಹೊಡೆಯುವಾಗ 1/25 ಸೆಕೆಂಡಿನಲ್ಲಿ ಕಿರೀಟ ಒಂದು ಗೆರೆಯಾಗಿ, ಮುಖ ಕಲಸಿದ ಬಣ್ಣವಾಗಿ ಬರುತ್ತದೆ. ಕ್ಯಾಮೆರಾದಲ್ಲಿರುವ ಸ್ಟೆಡಿಶಾಟ್ ಇಲ್ಲಿ ಉಪಯೋಗಕ್ಕೆ ಬಾರದು. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಕುಣಿಯುವವರನ್ನು ನಿಲ್ಲಿಸುವುದಿಲ್ಲ. ಆಸೆ ಇದ್ದರೆ ಮುಂದಿನ ಸಾಲಿಗೆ ಹೋಗಿ, ಜೂಮ್ ಮುಟ್ಟದೆ, ವೇಷ ಒಂದು ಭಂಗಿಯಲ್ಲಿ ನಿಂತ ಗಳಿಗೆಗೆ ಕಾದು ತೆಗೆಯಿರಿ. ಫ್ಲ್ಯಾಶ್ ಬೇಡ. ಅಷ್ಟು ದೂರ ತಲುಪುವುದಿಲ್ಲ, ಕಲಾವಿದರ ಕಣ್ಣಿಗೂ ಹೊಡೆಯುತ್ತದೆ.

ಇನ್ನು ಪರೀಕ್ಷೆಗೆ ಬರೋಣ. ಕ್ಯಾಮೆರಾದ ಹಿಂದಿನ ಪರದೆ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಆ 2.7 ಇಂಚಿನ ಪರದೆಯಲ್ಲಿರುವುದು 2,30,000 ಚುಕ್ಕಿ. ಕೆಂಪು, ಹಸಿರು, ನೀಲಿ ಮೂರು ಚುಕ್ಕಿ ಸೇರಿ ಒಂದು ಪಿಕ್ಸೆಲ್ ಆಗುವುದರಿಂದ ನಿಜಕ್ಕೂ ಇರುವುದು 320ಕ್ಕೆ 240, ಎಪ್ಪತ್ತಾರು ಸಾವಿರ ಚಿಲ್ಲರೆ. ಎರಡು ಕೋಟಿ ಪಿಕ್ಸೆಲ್‌ನ ಫೋಟೊ ಅಷ್ಟರಲ್ಲಿ ಎಷ್ಟು ಅಲುಗಿದ್ದರೂ ಚೊಕ್ಕವಾಗಿಯೇ ಕಾಣುತ್ತದೆ. ನಿಮ್ಮದೇ ಒಂದು ಎಸ್‌ಡಿ ಕಾರ್ಡ್ ಒಯ್ದು, ತೆಗೆದ ಫೋಟೊಗಳನ್ನು ಲ್ಯಾಪ್‌ಟಾಪಿನಲ್ಲಿ ನೂರು ಶೇಕಡಾಕ್ಕೆ ಹಿಗ್ಗಿಸಿ ನೋಡಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಮುಖ್ಯವಾದ ಪರೀಕ್ಷೆಗೆ ಬೇಕಾಗುವುದು ಹಳೆಯ ದಿನಪತ್ರಿಕೆ. ನಾಲ್ಕು ಹಾಳೆಗಳನ್ನು ಬಿಡಿಸಿ ಗೋಡೆಗೆ ಸಪಾಟಾಗಿ ಟೇಪ್ ಹಾಕಿ ಅಂಟಿಸಿ. ಮನೆಯ ಹೊರಗಿನ ನೆರಳಿನ ಗೋಡೆ ಒಳ್ಳೆಯದು, ಬೆಳಕು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಸ್ಟೂಲಿನ ಮೇಲೆ ಪುಸ್ತಕ ಜೋಡಿಸಿ, ಹಾಳೆಗಳು ಚೌಕಟ್ಟಿನ ನಾಲ್ಕೂ ಮೂಲೆ ತುಂಬುವಂತೆ ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ಇಡಿ. ಓರೆಯಾದರೆ ಪರೀಕ್ಷೆ ಕೆಟ್ಟಂತೆ. ಫ್ಲ್ಯಾಶ್ ಆಫ್, ಐಎಸ್‌ಒ 80, ಎರಡು ಸೆಕೆಂಡಿನ ಟೈಮರ್. ಜೂಮ್ ಇಲ್ಲದೆ ಮೂರು, ಅರ್ಧ ಜೂಮ್‌ನಲ್ಲಿ ಮೂರು, ಪೂರ್ತಿ ಜೂಮ್‌ನಲ್ಲಿ ಮೂರು ತೆಗೆಯಿರಿ. ಜೂಮ್ ಬದಲಿಸಿದಾಗ ಸ್ಟೂಲನ್ನು ಹಿಂದಕ್ಕೆ ಸರಿಸಬೇಕು. ಪ್ರತಿ ಸಲ ಮೂರರಲ್ಲಿ ಚೆನ್ನಾಗಿ ಬಂದ ಒಂದನ್ನು ಇಟ್ಟುಕೊಳ್ಳಿ.

ಈಗ ಅಕ್ಷರ ಓದಿ. ನಡುವೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣಬೇಕು. 'ಷ್ಟ್ರ', 'ಕ್ಷ್ಮ' ಇಂಥವು ಕನ್ನಡ ಪತ್ರಿಕೆಯಲ್ಲಿ ಲೆನ್ಸ್ ಪರೀಕ್ಷಿಸಲು ಹೇಳಿ ಮಾಡಿಸಿದ ಹಾಗಿವೆ, ಲೆನ್ಸ್ ಮಂದವಾಗಿದ್ದರೆ ಮೊದಲು ಮುಚ್ಚಿಹೋಗುವುದು ಒತ್ತಿನೊಳಗಿನ ಸಣ್ಣ ಬಿಳಿ ಜಾಗ. ನಾಲ್ಕೂ ಮೂಲೆ ನಡುವಿಗಿಂತ ಸ್ವಲ್ಪ ಮಂದ ಇದ್ದರೆ ಅದು ಈ ದರ್ಜೆಯ ಎಲ್ಲ ಕ್ಯಾಮೆರಾಗಳ ಗುಣ, ಚಿಂತೆಯಿಲ್ಲ. ಆದರೆ ಎಡಗಡೆ ಅಕ್ಷರ ಸ್ಪಷ್ಟ, ಬಲಗಡೆ ಹಿಟ್ಟು ಕಲಸಿದಂತೆ ಇದ್ದರೆ ಲೆನ್ಸ್ ತನ್ನ ನಡುಗೆರೆಯಿಂದ ಸರಿದಿದೆ ಎಂದರ್ಥ. ಒಮ್ಮೆ ಬಿದ್ದ ಕ್ಯಾಮೆರಾದಲ್ಲಿ ಇದು ಸಾಮಾನ್ಯ. ಖಚಿತಪಡಿಸಿಕೊಳ್ಳಲು ಕ್ಯಾಮೆರಾವನ್ನು ತಲೆಕೆಳಗಾಗಿಟ್ಟು ಇನ್ನೊಂದು ತೆಗೆಯಿರಿ. ಮಂದವಾದ ಭಾಗವೂ ಪತ್ರಿಕೆಯ ಇನ್ನೊಂದು ಬದಿಗೆ ಹೋದರೆ ದೋಷ ಲೆನ್ಸಿನದೇ. ಪತ್ರಿಕೆಯ ಅದೇ ಬದಿಯಲ್ಲಿ ಉಳಿದರೆ ನೀವು ಓರೆಯಾಗಿ ಇಟ್ಟಿದ್ದಿರಿ. ಸರಿದ ಲೆನ್ಸನ್ನು ಸರಿಮಾಡಿಸುವ ಖರ್ಚಿಗೆ ಇನ್ನೊಂದು ಕ್ಯಾಮೆರಾ ಬರುತ್ತದೆ. ಬೆಲೆ ಇಳಿಸಿದರೂ ಕೊಳ್ಳಬೇಡಿ.

ಎರಡನೆಯದು ಐಎಸ್‌ಒ. ಮನೆಯೊಳಗೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಜರಿ ಅಂಚಿನ ಸೀರೆಯನ್ನೋ ಮಲ್ಲಿಗೆ ದಂಡೆಯನ್ನೋ ಇಟ್ಟು ಪ್ರೋಗ್ರಾಮ್ ಮೋಡ್‌ನಲ್ಲಿ (ಐಎಸ್‌ಒ ನೀವೇ ಆರಿಸಬಹುದಾದ ಮೋಡ್) 80, 200, 400, 800, 1600, 3200 ಎಂದು ಏರಿಸುತ್ತ ತೆಗೆಯಿರಿ. ಕಾಳು ಕಾಳಾಗಿ ಕಾಣುವುದನ್ನು ಕ್ಯಾಮೆರಾ ತಾನೇ ಒರೆಸಿಹಾಕುತ್ತದೆ, ಒರೆಸುವಾಗ ನೂಲು, ಕೂದಲು, ದಳದ ಗೆರೆಗಳೂ ಒಟ್ಟಿಗೆ ಹೋಗುತ್ತವೆ. 400ರವರೆಗೆ ಜರಿಯ ಎಳೆ ಎಳೆಯಾಗಿಯೇ ಉಳಿಯುತ್ತದೆ. 800ರಲ್ಲಿ ಅಂಚು ಒಂದು ಹಳದಿ ಪಟ್ಟಿಯಾಗತೊಡಗುತ್ತದೆ. 1600, 3200 ವಾಟ್ಸಾಪ್‌ಗೆ ಕಳಿಸಲು ಮಾತ್ರ. ಈ ಕ್ಯಾಮೆರಾದಲ್ಲಿ ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಒರೆಸದೆ ಹಾಗೆಯೇ ಉಳಿಸುವ ಫೈಲ್) ಇಲ್ಲ, ಹಾಗಾಗಿ ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡುವ ದಾರಿಯೂ ಇಲ್ಲ.

ಶಟರ್ ಒತ್ತಿದ ಮೇಲೆ ಫೋಟೊ ಬೀಳಲು ಎಷ್ಟು ತಡ ಎಂಬುದನ್ನು ಫೋನಿನ ಸ್ಟಾಪ್‌ವಾಚ್‌ನಿಂದ ಅಳೆಯಬಹುದು. ಸ್ಟಾಪ್‌ವಾಚ್ ಓಡಿಸಿ ಕ್ಯಾಮೆರಾ ಅದರತ್ತ ಹಿಡಿಯಿರಿ. 5 ಸೆಕೆಂಡ್ ತೋರಿಸಿದ ಕೂಡಲೇ ಬಟನ್ ಪೂರ್ತಿ ಒತ್ತಿ. ಫೋಟೊದಲ್ಲಿ ಬಿದ್ದ ಅಂಕಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಬಟನ್ ಮೊದಲೇ ಅರ್ಧ ಒತ್ತಿ ಹಸಿರು ಗುರುತು ಬಂದ ಮೇಲೆ ಕಾದು, ಅದೇ 5ಕ್ಕೆ ಪೂರ್ತಿ ಒತ್ತಿ. ಐದೈದು ಸಲ ಮಾಡಿ ಸರಾಸರಿ ತೆಗೆದರೆ ಎರಡರ ವ್ಯತ್ಯಾಸವೇ ಫೋಕಸ್‌ಗೆ ಹಿಡಿದ ಸಮಯ, ನಿಮ್ಮ ಬೆರಳಿನ ನಿಧಾನ ಎರಡರಲ್ಲೂ ಇರುವುದರಿಂದ ಕಳೆದುಹೋಗುತ್ತದೆ. ಹಗಲು ಒಮ್ಮೆ, ಸಂಜೆ ದೀಪದಲ್ಲಿ ಒಮ್ಮೆ ಮಾಡಿ. ಸಂಜೆಯದು ಬಹಳ ಹೆಚ್ಚು ಬಂದರೆ, ಮಗು ತೊಟ್ಟಿಲಿನಿಂದ ನಕ್ಕ ಗಳಿಗೆ ಈ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಅರ್ಧ ಒತ್ತಿ ಕಾಯುವ ಅಭ್ಯಾಸ ಮಾಡಿಕೊಂಡರೆ ಮಾತ್ರ ಸಿಗುತ್ತದೆ.

ಇಷ್ಟು ದೋಷ ಹೇಳಿದ ಮೇಲೆ ಇದನ್ನು ಯಾಕೆ ಕೊಳ್ಳಬೇಕು ಎಂದು ಕೇಳಬಹುದು. ಎರಡು ಕಾರಣಕ್ಕೆ. ಒಂದು, ನಿಜವಾದ 8 ಪಟ್ಟು ಆಪ್ಟಿಕಲ್ ಜೂಮ್, ಅಂದರೆ ಲೆನ್ಸೇ ಮಾಡುವ ಜೂಮ್. ಜೂಮ್ ಲೆನ್ಸ್ ಇಲ್ಲದ ಫೋನಿನ 12 ಮೆಗಾಪಿಕ್ಸೆಲ್ ಫೋಟೊವನ್ನು 8 ಪಟ್ಟು ಹಿಗ್ಗಿಸಿದರೆ ಉಳಿಯುವುದು ಅರವತ್ತನಾಲ್ಕರಲ್ಲಿ ಒಂದು ಪಾಲು, ಎರಡು ಲಕ್ಷ ಪಿಕ್ಸೆಲ್‌ಗೂ ಕಡಿಮೆ. ಬೇಲೂರು ದೇವಸ್ಥಾನದಲ್ಲಿ ಮೇಲೆ ಸೂರಿನಡಿ ಇರುವ ಮದನಿಕೆಯ ಕೈಬಳೆ, ಜೋಗದಲ್ಲಿ ಎದುರು ಬಂಡೆಯ ಅಂಚು, ಇಂಥದ್ದರಲ್ಲಿ ಈ ಕ್ಯಾಮೆರಾ ಅಂಥ ಫೋನನ್ನು ಸುಲಭವಾಗಿ ಹಿಂದಿಕ್ಕುತ್ತದೆ. ಎರಡು, ಕ್ಸೆನಾನ್ ಫ್ಲ್ಯಾಶ್. ಫೋನಿನ ಎಲ್‌ಇಡಿ ಒಂದು ಟಾರ್ಚ್ ಅಷ್ಟೇ. ಕ್ಸೆನಾನ್ ಫ್ಲ್ಯಾಶ್ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಮುಗಿಯುವುದರಿಂದ ಅಕ್ಷತೆ ಗಾಳಿಯಲ್ಲಿರುವಾಗಲೇ ನಿಲ್ಲಿಸಿ ಹಿಡಿಯುತ್ತದೆ. ಆದರೆ ದೂರ ಎರಡು ಪಟ್ಟಾದರೆ ಬೆಳಕು ಕಾಲು ಪಾಲಾಗುತ್ತದೆ. ಕಲ್ಯಾಣಮಂಟಪದ ಕೊನೆಯ ಕುರ್ಚಿಯಿಂದ ಫ್ಲ್ಯಾಶ್ ಹೊಡೆದರೆ ಬೆಳಗುವುದು ಮುಂದೆ ಕೂತವರ ತಲೆ. ಹಗಲಲ್ಲೂ ಇದನ್ನು ಮರೆಯಬೇಡಿ, ಫೋಟೊಗೆ ನಿಂತವರ ಬೆನ್ನ ಹಿಂದೆ ಬಿಸಿಲಿದ್ದಾಗ ಫ್ಲ್ಯಾಶ್ ಆನ್ ಮಾಡಿದರೆ ಕಪ್ಪಾದ ಮುಖ ಬೆಳಗುತ್ತದೆ.

ಅಂಗಡಿಯಲ್ಲಿ ಒಂದು ಗೊಂದಲ ಆಗುವುದುಂಟು. ಡಬ್ಲ್ಯೂ800 ನೋಡಲು ಹೆಚ್ಚುಕಡಿಮೆ ಇದರಂತೆಯೇ ಇದೆ, ಅದೂ 20.1 ಮೆಗಾಪಿಕ್ಸೆಲ್. ಆದರೆ ಜೂಮ್ 5 ಪಟ್ಟು, ಕೈನಡುಕ ತಡೆಯುವ ಆಪ್ಟಿಕಲ್ ವ್ಯವಸ್ಥೆ ಇಲ್ಲ. ಡಬ್ಲ್ಯೂ830ರ ಮುಂಭಾಗದಲ್ಲಿ 8 ಪಟ್ಟು ಎಂಬ ಗುರುತು, ಝೈಸ್ ಎಂಬ ಲೆನ್ಸ್ ಕಂಪನಿಯ ಹೆಸರು ಇರುತ್ತದೆ. ಎರಡಕ್ಕೂ ಒಂದೇ ಬೆಲೆ ಕೊಡಬೇಡಿ. ಸಿಸಿಡಿ ಅಂದರೆ ಫಿಲ್ಮಿನ ಬಣ್ಣ ಎಂದು ಈಗ ಹೆಚ್ಚು ದುಡ್ಡು ಕೇಳುವವರಿದ್ದಾರೆ. ಬಣ್ಣ ಬಹುಪಾಲು ತೀರ್ಮಾನವಾಗುವುದು ಕ್ಯಾಮೆರಾದೊಳಗಿನ ಸಂಸ್ಕರಣೆಯಲ್ಲಿ. ಆ ಒಂದು ಪದಕ್ಕೆ ಬೆಲೆ ಏರಿಸಲು ಬಿಡಬೇಡಿ. ವಿಡಿಯೊ 720ಪಿ ಮಾತ್ರ, ಬೀದಿದೀಪ ಚೌಕಟ್ಟಿಗೆ ಬಂದರೆ ಮೇಲಿನಿಂದ ಕೆಳಕ್ಕೆ ನೇರಳೆ ಗೆರೆ ಎಳೆದಂತಾಗುತ್ತದೆ, ಅದು ಸಿಸಿಡಿಯ ಸ್ವಭಾವ. ವಿಡಿಯೊಗೆ ನಿಮ್ಮ ಫೋನನ್ನೇ ಬಳಸಿ.

ಇದಕ್ಕಿಂತ ಹಳೆಯದನ್ನು ತೋರಿಸಿದರೆ ವರ್ಷ ಕೇಳಿ. 2002ರಿಂದ 2004ರವರೆಗೆ ಮಾರಾಟವಾದ ಹಲವು ಕಂಪನಿಗಳ ಕ್ಯಾಮೆರಾಗಳಲ್ಲಿ ಸಿಸಿಡಿಯೊಳಗಿನ ಸೂಕ್ಷ್ಮ ತಂತಿಯ ಜೋಡಣೆ ಬಿಸಿ ಮತ್ತು ತೇವಕ್ಕೆ ಬಿಟ್ಟುಕೊಳ್ಳುತ್ತಿತ್ತು. 2005ರಲ್ಲಿ ಕಂಪನಿಗಳೇ ಉಚಿತ ರಿಪೇರಿ ಘೋಷಿಸಿದ್ದವು. ಅಂಥದ್ದರಲ್ಲಿ ಚಿತ್ರ ನೇರಳೆಯಾಗುತ್ತದೆ, ಗೆರೆಗೆರೆಯಾಗುತ್ತದೆ, ಇಲ್ಲವೇ ಪೂರ್ತಿ ಕಪ್ಪು. ನಮ್ಮ ಕರಾವಳಿಯ ಹವೆಗೆ ಅವು ಉಳಿಯುವ ನಂಬಿಕೆಯಿಲ್ಲ.

ದುಡ್ಡು ಕೊಡುವ ಮೊದಲು ಕ್ಯಾಮೆರಾವನ್ನು ಇಪ್ಪತ್ತು ಸಲ ಆನ್ ಆಫ್ ಮಾಡಿ, ಕಿವಿ ಹತ್ತಿರವಿಟ್ಟು ಜೂಮ್ ಓಡಿಸಿ. ಸಮನಾದ ಮೆಲುದನಿ ಇರಬೇಕು. ಕರಕರ ಎಂದರೆ ಒಳಗೆ ಮರಳು ಸೇರಿದೆ, ಇಂದಲ್ಲ ನಾಳೆ ಲೆನ್ಸ್ ಹೊರಬಂದಲ್ಲೇ ಸಿಕ್ಕಿಕೊಳ್ಳುತ್ತದೆ. ಬೆಳಕಿರುವ ಬಿಳಿ ಗೋಡೆಯನ್ನು ಪೂರ್ತಿ ಜೂಮ್‌ನಲ್ಲಿ ತೆಗೆದು ನೋಡಿ, ಬೂದು ಚುಕ್ಕೆಗಳು ಪ್ರತಿ ಫೋಟೊದಲ್ಲೂ ಒಂದೇ ಜಾಗದಲ್ಲಿದ್ದರೆ ಸೆನ್ಸರ್ ಮೇಲೆ ದೂಳು ಕೂತಿದೆ. ಲೆನ್ಸ್ ಕಳಚಲಾಗದ ಕ್ಯಾಮೆರಾ ಆದ್ದರಿಂದ ಅದನ್ನು ನೀವು ಒರೆಸಲಾರಿರಿ. ಲೆನ್ಸಿಗೆ ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದರೆ ಜೇಡನ ನೂಲಿನಂಥ ಎಳೆಗಳು ಕಾಣುತ್ತವೆಯಾ ನೋಡಿ, ಕಂಡರೆ ಬೂಷ್ಟು. ಎನ್‌ಪಿ-ಬಿಎನ್ ಬ್ಯಾಟರಿಯನ್ನು ಹೊರತೆಗೆದು ಗಾಜಿನ ಮೇಲೆ ಮಲಗಿಸಿ ಬೆರಳಿನಿಂದ ತಿರುಗಿಸಿ. ಚೆನ್ನಾಗಿದ್ದರೆ ಸ್ವಲ್ಪ ಜಾರಿ ನಿಲ್ಲುತ್ತದೆ, ಬುಗುರಿಯಂತೆ ತಿರುಗಿದರೆ ಹೊಟ್ಟೆ ಉಬ್ಬಿದೆ, ಬಳಸಬಾರದು. ಹೊಸದರಲ್ಲಿ ಸುಮಾರು 210 ಫೋಟೊ ಎಂದು ಕಂಪನಿ ಹೇಳುತ್ತಿತ್ತು, ಹಳೆಯದರಲ್ಲಿ ನೂರು ಬಂದರೂ ಸಮಾಧಾನ. ಅದರ ಜೊತೆ ಬಂದ ಯುಎಸ್‌ಬಿ ಕೇಬಲ್ ಕೇಳಿ ಪಡೆಯಿರಿ, ಚಾರ್ಜ್ ಆಗುವುದು ಅದರಿಂದಲೇ. ಇಷ್ಟೂ ಸರಿಯಿದ್ದರೆ ಎಂಟು ಸಾವಿರ ಕೊಡಬಹುದು. ಬ್ಯಾಟರಿ ಉಬ್ಬಿದ್ದರೆ, ಕೇಬಲ್ ಇಲ್ಲದಿದ್ದರೆ ಹೊಸದರ ಬೆಲೆ ಕಳೆದು ಮಾತಾಡಿ. ಮನೆಗೆ ತಂದ ಮೇಲೆ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬ್ಯಾಟರಿ ತೆಗೆದು ಇಡಿ.