ಟಿ.ಸಿ. ಕೊಟ್ಟು ಕಳುಹಿಸಿದ ಹುಡುಗ ಎಲ್ಲಿಗೆ ಹೋಗುತ್ತಾನೆ?

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದಿಂದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದ ಪತ್ರದ ಸಾರ ಇಷ್ಟು: ತಮ್ಮ ಕಡೆಯ ಹೈಯರ್ ಸೆಕೆಂಡರಿ ಶಾಲೆಯೊಂದರ ಮೈದಾನದ ಹಿಂಬದಿಯಲ್ಲಿ ಪ್ಲಸ್ ಟು ತರಗತಿಯ ಇಬ್ಬರು ಹುಡುಗರು ಗಾಂಜಾ ಬೀಡಿ ಸೇದುತ್ತಿದ್ದಾಗ ಸಿಕ್ಕಿಬಿದ್ದರು, ರಕ್ಷಕ-ಶಿಕ್ಷಕ ಸಂಘದ ತುರ್ತು ಸಭೆ ಸೇರಿ ಇಬ್ಬರಿಗೂ ಟಿ.ಸಿ. ಕೊಟ್ಟು ಕಳುಹಿಸಲಾಯಿತು. ಇಷ್ಟು ಸಾಲದು, ಅಂಥವರ ಹೆಸರನ್ನೂ ಭಾವಚಿತ್ರವನ್ನೂ ಪತ್ರಿಕೆ ಪ್ರಕಟಿಸಿದರೆ ಮಾತ್ರ ಉಳಿದವರಿಗೆ ಹೆದರಿಕೆ ಹುಟ್ಟೀತು, ಕನ್ನಡ ಪತ್ರಿಕೆಗಳು ಬಾಯಿ ಮುಚ್ಚಿಕೊಂಡು ಕುಳಿತಿರುವುದೇಕೆ ಎಂದು ಅವರ ಪ್ರಶ್ನೆ. ತಮ್ಮ ಹೆಸರನ್ನು ಮಾತ್ರ ದಯವಿಟ್ಟು ಪ್ರಕಟಿಸಬಾರದೆಂದು ಕೊನೆಯಲ್ಲಿ ಕೋರಿದ್ದಾರೆ.

ಮಾನ್ಯ ಮಾಸ್ತರರೇ,

ತಮ್ಮ ಕೊನೆಯ ಕೋರಿಕೆಯನ್ನು ನಡೆಸಿಕೊಟ್ಟಿದ್ದೇವೆ. ಊರಿನಲ್ಲಿ ಇಷ್ಟು ಗೌರವ ಗಳಿಸಿದ ತಮಗೇ ಒಂದು ಪತ್ರದ ಕೆಳಗೆ ಹೆಸರು ಕಾಣಿಸಿಕೊಳ್ಳುವುದು ಮುಜುಗರವಾದರೆ, ಮೀಸೆ ಮೂಡದ ಹುಡುಗನ ಭಾವಚಿತ್ರವನ್ನು ಚಾದಂಗಡಿಯ ಮೇಜಿನ ಮೇಲೆ ಹರಡಿ ಓದುವುದು ಅವನ ಪಾಲಿಗೆ ಏನಾದೀತು ಎಂಬುದನ್ನು ನಾವು ವಿವರಿಸಬೇಕಾಗಿಲ್ಲ. ಅಲ್ಲದೆ ಇದು ಸಂಪಾದಕನ ಇಷ್ಟಾನಿಷ್ಟಕ್ಕೆ ಬಿಟ್ಟ ಸಂಗತಿಯೂ ಅಲ್ಲ. 2015ರ ಬಾಲನ್ಯಾಯ ಕಾಯಿದೆಯ 74ನೆಯ ಸೆಕ್ಷನ್ ಪ್ರಕಾರ ಹದಿನೆಂಟು ತುಂಬದವರು ಯಾವುದೇ ಪ್ರಕರಣದಲ್ಲಿ ಸಿಲುಕಿದಾಗ ಅವರ ಹೆಸರು, ವಿಳಾಸ, ಕೊನೆಗೆ ಶಾಲೆಯ ಹೆಸರನ್ನು ಸಹ ಅಚ್ಚು ಹಾಕುವಂತಿಲ್ಲ. ಹಾಕಿದರೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡು ಲಕ್ಷ ರೂಪಾಯಿಯವರೆಗಿನ ದಂಡ, ಅಥವಾ ಎರಡೂ. ಶಾಲೆಯ ಹೆಸರನ್ನು ತಾವು ಬರೆದಿದ್ದರೂ ಮೇಲೆ ಬಿಟ್ಟಿರುವುದು ಅದಕ್ಕಾಗಿಯೇ.

ತಮ್ಮ ಆತಂಕ ಸುಳ್ಳೆಂದು ನಾವು ಹೇಳುವುದಿಲ್ಲ. ಬೆಳೆಯುವ ವಯಸ್ಸಿನ ಮೆದುಳಿಗೆ ಗಾಂಜಾ ಮಾಡುವ ಹಾನಿ ದೊಡ್ಡವರಿಗಾಗುವುದಕ್ಕಿಂತ ಹೆಚ್ಚು. ಹದಿಹರೆಯದಲ್ಲಿಯೇ ಸೇದತೊಡಗಿದವರಲ್ಲಿ ಚಿತ್ತವಿಕಾರದ ಅಪಾಯ ಏರುತ್ತದೆ ಎಂಬುದನ್ನು ವೈದ್ಯರು ಒಪ್ಪುತ್ತಾರೆ. ಎಂಡಿಎಂಎ ಎಂಬ ಹೆಸರಿನಲ್ಲಿ ಮಾರಾಟವಾಗುವ ರಾಸಾಯನಿಕ ಮಾದಕದ ಹರಳಿನಲ್ಲಿ ನಿಜಕ್ಕೂ ಏನಿದೆ ಎಂಬುದು ಪ್ರಯೋಗಾಲಯಕ್ಕೆ ಹೋಗದೆ ಕೊಂಡವನಿಗೂ ತಿಳಿಯದು, ಮಾರಿದವನಿಗೂ ತಿಳಿಯದು. ಮಕ್ಕಳ ಕೈಗೆ ಮಾದಕ ವಸ್ತುವನ್ನು ಕೊಡುವವನಿಗೂ, ಮಕ್ಕಳಿಂದ ಇದನ್ನು ಸಾಗಿಸುವವನಿಗೂ ಏಳು ವರ್ಷದವರೆಗಿನ ಕಠಿಣ ಸಜೆಯನ್ನು ಅದೇ ಬಾಲನ್ಯಾಯ ಕಾಯಿದೆಯ 77 ಮತ್ತು 78ನೆಯ ಸೆಕ್ಷನ್‌ಗಳು ಹೇಳುತ್ತವೆ. ಅವನ್ನು ಬಳಸಬೇಕು, ಬಿಗಿಯಾಗಿಯೇ ಬಳಸಬೇಕು. ತಮ್ಮ ಪತ್ರದಲ್ಲಿ ಮಾರಿದವನ ಬಗ್ಗೆ ಒಂದು ಸಾಲೂ ಇಲ್ಲದಿರುವುದು ನಮಗೆ ಅಚ್ಚರಿಯ ಸಂಗತಿ. ಇಬ್ಬರು ಹುಡುಗರಿಗೆ ಆ ಬೀಡಿ ಎಲ್ಲಿಂದ ಬಂತು ಎಂದು ತುರ್ತು ಸಭೆಯಲ್ಲಿ ಯಾರಾದರೂ ಕೇಳಿದರೇ?

ಈಗ ಟಿ.ಸಿ.ಯ ಮಾತು. ಕೆಲವು ವರ್ಷಗಳ ಹಿಂದೆ ಬೀಡಿ ಕಟ್ಟಿ ಸಂಸಾರ ನಡೆಸುವ ತಾಯಿಯೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಮಗನ ಟಿ.ಸಿ.ಯನ್ನು ಪ್ಲಾಸ್ಟಿಕ್ ತೊಟ್ಟೆಯೊಳಗೆ ನಾಲ್ಕಾಗಿ ಮಡಚಿ ಇಟ್ಟುಕೊಂಡಿದ್ದರು. ಸುದ್ದಿ ಹಾಕಬೇಡಿ ಎಂಬುದಷ್ಟೇ ಅವರ ಬೇಡಿಕೆ. ನಡತೆ ಎಂಬ ಕಾಲಂನಲ್ಲಿ ಬರೆದಿದ್ದ ಒಂದು ಪದವನ್ನು ಬೆರಳಿನಿಂದ ತೋರಿಸಿ, ಇದನ್ನು ನೋಡಿದ ಮೇಲೆ ಯಾವ ಶಾಲೆಯವರೂ ಕುಳಿತುಕೊಳ್ಳಿ ಎಂದು ಸಹ ಹೇಳಲಿಲ್ಲ ಎಂದರು. ವರ್ಷದ ನಡುವೆ ಎಲ್ಲಿಯೂ ಸೀಟು ಸಿಗಲಿಲ್ಲ. ಹುಡುಗ ಮೀನಿನ ಲಾರಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡ. ಶಾಲೆಯಲ್ಲಿದ್ದಾಗ ವಾರಕ್ಕೊಮ್ಮೆ ಕದ್ದುಮುಚ್ಚಿ ಸೇದುತ್ತಿದ್ದವನಿಗೆ ಈಗ ರಾತ್ರಿಯಿಡೀ ಎಚ್ಚರವಿರಬೇಕಾದ ದುಡಿಮೆ, ಕೈಯಲ್ಲಿ ದಿನಗೂಲಿ, ಜತೆಗೆ ತನಗಿಂತ ಹತ್ತು ವರ್ಷ ದೊಡ್ಡವರ ಸಹವಾಸ. ಅವನನ್ನು ಶಾಲೆಯಿಂದ ಹೊರಹಾಕಿ ಉಳಿದ ಮಕ್ಕಳನ್ನು ಕಾಪಾಡಿದೆವೆಂದು ನೆಮ್ಮದಿಪಟ್ಟ ಸಭೆಯ ಸದಸ್ಯರಲ್ಲಿ ಒಬ್ಬರಾದರೂ ಆಮೇಲೆ ಅವನ ಮನೆಯ ಮೆಟ್ಟಿಲು ಹತ್ತಿದ್ದರೆ ನಮಗೆ ಗೊತ್ತಾಗುತ್ತಿತ್ತು.

ತಾವು ಅಡಕೆ ಕೃಷಿಕರೂ ಹೌದೆಂದು ಬರೆದಿದ್ದೀರಿ. ಕೊಳೆರೋಗ ಕಂಡ ಮರಕ್ಕೆ ತಾವು ಬೋರ್ಡೋ ದ್ರಾವಣ ಸಿಂಪಡಿಸುತ್ತೀರೋ, ಅಲ್ಲ, ಮರವನ್ನೇ ಕಡಿದು ನೆರೆಯವರ ತೋಟಕ್ಕೆ ದಾಟಿಸುತ್ತೀರೋ?

ಹೆದರಿಸಿದರೆ ಮಕ್ಕಳು ದೂರ ಉಳಿಯುತ್ತಾರೆಂಬ ನಂಬಿಕೆಯನ್ನು ಜಗತ್ತು ಬಹಳ ಹಣ ಸುರಿದು ಪರೀಕ್ಷಿಸಿ ನೋಡಿದೆ. 1983ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಸಮವಸ್ತ್ರದ ಪೊಲೀಸರೇ ತರಗತಿಗೆ ಬಂದು ಪಾಠ ಮಾಡುವ ಡೇರ್ ಎಂಬ ಯೋಜನೆ ಆರಂಭವಾಗಿ, ಕೆಲವೇ ವರ್ಷಗಳಲ್ಲಿ ಆ ದೇಶದ ಬಹುಪಾಲು ಶಾಲಾ ಜಿಲ್ಲೆಗಳಿಗೆ ಹಬ್ಬಿತು. ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಮುಂದೆ ಮಾದಕ ವಸ್ತು ಬಳಸುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂದು 2003ರಲ್ಲಿ ಅಲ್ಲಿನ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯೇ ವರದಿ ಕೊಟ್ಟಿತು. ಐಸ್‌ಲೆಂಡ್ ಬೇರೆ ದಾರಿ ಹಿಡಿಯಿತು. ಮಕ್ಕಳಿಗೆ ಸಂಜೆಯ ಹೊತ್ತು ಆಟ, ಸಂಗೀತ, ನೃತ್ಯಕ್ಕೆ ತರಬೇತಿ, ಬಡವರ ಮಕ್ಕಳೂ ಸೇರುವಂತೆ ಸಹಾಯಧನ, ರಾತ್ರಿ ಮಕ್ಕಳು ಹೊರಗೆ ಅಲೆಯದಂತೆ ತಂದೆತಾಯಂದಿರ ನಡುವೆ ಒಪ್ಪಂದ, ಇಷ್ಟೇ. 1998ರಲ್ಲಿ ಅಲ್ಲಿನ ಹದಿನೈದು-ಹದಿನಾರರ ಮಕ್ಕಳಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿಸಿಕೊಂಡವರು ನೂರಕ್ಕೆ 42 ಮಂದಿ. 2016ರಲ್ಲಿ ಅದು 5ಕ್ಕೆ ಇಳಿದಿತ್ತು. ಸಣ್ಣ ದೇಶ, ಹಣವಿರುವ ದೇಶ ಎಂದು ತಾವು ಹೇಳಬಹುದು. ಹೌದು. ಆದರೆ ಒಂದು ವಾಲಿಬಾಲ್ ಬಲೆಗೂ ಚೆಂಡೆ ಕಲಿಸುವ ಒಬ್ಬ ಗುರುಗಳಿಗೂ ಐಸ್‌ಲೆಂಡಿನ ಬೊಕ್ಕಸ ಬೇಕಾಗಿಲ್ಲ.

ನಮ್ಮಲ್ಲಿ ನಡೆಯುವ ಜಾಗೃತಿ ತರಗತಿಯ ಪರಿಯನ್ನು ಒಮ್ಮೆ ಕಣ್ಣಾರೆ ಕಂಡೆವು. ಕನ್ನಡ ಮಾಧ್ಯಮದ ಮಕ್ಕಳು ಸಾಲಾಗಿ ಕುಳಿತಿದ್ದರು. ಬಂದ ಅಧಿಕಾರಿ ಸಜ್ಜನರು, ಶ್ರದ್ಧೆಯಿಂದಲೇ ಮಾತನಾಡಿದರು, ಆದರೆ ಪೂರ್ತಿ ಮಲಯಾಳದಲ್ಲಿ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪಕ್ಕದವಳ ಕಿವಿಯಲ್ಲಿ ತುಳುವಿನಲ್ಲಿ ಅರ್ಥ ಹೇಳುತ್ತಿದ್ದಳು. ಪರದೆಯ ಮೇಲೆ ಒಂದೊಂದೇ ಮಾದಕ ವಸ್ತುವಿನ ಚಿತ್ರ, ಹೆಸರು, ಅಡಗಿಸುವ ಉಪಾಯ, ಗ್ರಾಂ ಲೆಕ್ಕದ ಬೆಲೆ ಬಂದುಹೋದವು. ತರಗತಿ ಮುಗಿದ ಮೇಲೆ ಜಗಲಿಯಲ್ಲಿ ನಿಂತಿದ್ದ ಹುಡುಗರ ಬಾಯಲ್ಲಿ ಉಳಿದದ್ದು ಆ ಬೆಲೆ ಒಂದೇ. 2022ರ ನವೆಂಬರ್ 1ರಂದು ರಾಜ್ಯದಾದ್ಯಂತ ಮಕ್ಕಳನ್ನು ರಸ್ತೆಬದಿಯಲ್ಲಿ ನಿಲ್ಲಿಸಿ ಮಾದಕ ವಸ್ತು ವಿರೋಧಿ ಮಾನವ ಸರಪಳಿ ಮಾಡಿದ್ದನ್ನು ತಾವು ಕಂಡಿರುತ್ತೀರಿ. ಕಾಸರಗೋಡು ಕೇರಳಕ್ಕೆ ಸೇರಿದ ಆ ದಿನಾಂಕಕ್ಕೆ ಇಲ್ಲಿನ ಕನ್ನಡಿಗರ ಮನಸ್ಸಿನಲ್ಲಿ ಬೇರೆ ನೆನಪುಗಳಿವೆ, ಅದಿರಲಿ. ಸರಪಳಿ ಕಳಚಿದ ಮರುದಿನ, ತನಗೆ ಬಿಡಲಾಗುತ್ತಿಲ್ಲ ಎಂದು ಒಬ್ಬ ಹುಡುಗ ಬಾಯಿ ಬಿಟ್ಟರೆ ಅವನ ಮಾತನ್ನು ಅವನ ಭಾಷೆಯಲ್ಲಿ ಕೇಳಿಸಿಕೊಳ್ಳುವವರು ಎಷ್ಟು ಶಾಲೆಗಳಲ್ಲಿದ್ದಾರೆ? ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಶಾಲೆಗೆ ನೇಮಿಸಬೇಡಿ ಎಂದು ನಾವು ವರ್ಷವರ್ಷವೂ ಕೂಗುವುದು ಗಣಿತದ ಅಂಕಗಳಿಗಾಗಿ ಮಾತ್ರವಲ್ಲ. ಲಜ್ಜೆಯ ಮಾತನ್ನು ಯಾರೂ ಕಲಿತ ಭಾಷೆಯಲ್ಲಿ ಹೇಳಿಕೊಳ್ಳುವುದಿಲ್ಲ.

ಇನ್ನೊಂದು ವಿಷಯ ತಮಗೆ ರುಚಿಸಲಾರದು. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಗಾಂಜಾ ಮತ್ತು ಭಂಗಿ ಸೇವಿಸುವವರು ಸುಮಾರು 3.1 ಕೋಟಿ. ದೊಡ್ಡವರಿಗಿಂತ ಮಕ್ಕಳಲ್ಲಿಯೇ ಹೆಚ್ಚು ಕಂಡುಬಂದ ಚಟ ಒಂದೇ, ಸೊಲ್ಯೂಷನ್ ಎಂಬ ಅಂಟು, ವೈಟ್ನರ್ ಮುಂತಾದವನ್ನು ಮೂಸುವುದು. ಅದನ್ನು ಹಿಡಿಯಲು ಯಾವ ಚೆಕ್‌ಪೋಸ್ಟೂ ಇಲ್ಲ. ಮಂಜೇಶ್ವರದ ಚೆಕ್‌ಪೋಸ್ಟಿನಲ್ಲಿ ಬಸ್ಸುಗಳನ್ನು ನಿಲ್ಲಿಸಿ ಚೀಲ ತಡಕುತ್ತಾರೆ. ಅದೇ ಹೊತ್ತಿಗೆ ಕರ್ನಾಟಕದ ಮದ್ಯದ ಪ್ಯಾಕೆಟುಗಳು ಒಳದಾರಿಗಳಲ್ಲಿ ದಾಟುತ್ತವೆ. ಕೇರಳದಲ್ಲಿ ಮದ್ಯ ಕೊಳ್ಳಲು 23 ವರ್ಷ ತುಂಬಿರಬೇಕೆಂಬ ನಿಯಮವಿದೆ, ಶಾಲೆಯ ನೂರು ಗಜದೊಳಗೆ ಬೀಡಿ ಸಿಗರೇಟು ಮಾರಬಾರದೆಂಬ 2003ರ ಕಾಯಿದೆಯಿದೆ. ಜಾತ್ರೆಯ ರಾತ್ರಿ ಹುಡುಗರ ಬಾಯಿಂದ ಮದ್ಯದ ವಾಸನೆ ಬಂದಾಗ ವಯಸ್ಸು ಅಂಥದ್ದು ಎಂದು ನಗುವ ಹಿರಿಯರೇ ಗಾಂಜಾ ಎಂದೊಡನೆ ಪೊಲೀಸರನ್ನು ಕರೆಯಿರಿ ಎನ್ನುತ್ತಾರೆ. ಸರ್ಕಾರವೂ ಹಾಗೆಯೇ. ಮದ್ಯದ ಸುಂಕ ಎತ್ತುವ ಅಬಕಾರಿ ಇಲಾಖೆಯ ಕೈಯಲ್ಲಿಯೇ ವ್ಯಸನಮುಕ್ತಿಯ ವಿಮುಕ್ತಿ ಯೋಜನೆಯೂ ಇದೆ!

ನಿಷೇಧದಿಂದ ಎಲ್ಲ ಸರಿಹೋಗುತ್ತದೆ ಎಂಬುದನ್ನೂ ಈ ಮಣ್ಣು ಕಂಡಿದೆ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದಲ್ಲಿ, 1948ರ ಹೊತ್ತಿಗೆ, ಪಾನನಿರೋಧ ಇಡೀ ಮದರಾಸು ಪ್ರಾಂತ್ಯಕ್ಕೆ ವ್ಯಾಪಿಸಿತು. 1967ರಲ್ಲಿ ಕೇರಳ ಸರ್ಕಾರ ಅದನ್ನು ತೆಗೆದುಹಾಕಿತು. ಆ ವರ್ಷಗಳಲ್ಲಿ ಗುಡ್ಡದ ಮರೆಯಲ್ಲಿ ಗೇರುಹಣ್ಣು ಕೊಳೆಹಾಕಿ ಗಂಗಸರವೆಂಬ ಕಳ್ಳಭಟ್ಟಿ ಇಳಿಸುತ್ತಿದ್ದ ಕಥೆಗಳನ್ನು ನಮ್ಮ ಹಿರಿಯರು ನಗುನಗುತ್ತಲೇ ಹೇಳುತ್ತಿದ್ದರು. ಜೈಲಿಗೆ ಹೋದವನು ಭಟ್ಟಿಗೆ ಕಟ್ಟಿಗೆ ಹೊತ್ತವನು.

ಕಾನೂನು ನಾವು ತಿಳಿದಷ್ಟು ಕ್ರೂರವಲ್ಲ. 1985ರ ಮಾದಕ ವಸ್ತು ಕಾಯಿದೆಯ 64ಎ ಸೆಕ್ಷನ್ ಪ್ರಕಾರ, ಸ್ವಂತ ಬಳಕೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಮುಂದೆ ಬಂದು ಮಾನ್ಯತೆಯುಳ್ಳ ಕೇಂದ್ರದಲ್ಲಿ ಚಿಕಿತ್ಸೆ ಪೂರೈಸಿದರೆ ಅವನ ಮೇಲೆ ವಿಚಾರಣೆ ನಡೆಯುವುದಿಲ್ಲ. ನಮ್ಮ ಜಿಲ್ಲೆಯ ವಿಮುಕ್ತಿ ಚಿಕಿತ್ಸಾ ಕೇಂದ್ರ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ದೂರವಾಣಿಯಲ್ಲಿ ವಿಚಾರಿಸುವುದಾದರೆ ರಾಜ್ಯದ್ದು 14405, ಕೇಂದ್ರದ್ದು 14446. ಚಟಕ್ಕೆ ಸಿಲುಕಿದ ಇಪ್ಪತ್ತು ಜನರಲ್ಲಿ ಒಬ್ಬನಿಗೆ ಮಾತ್ರ ಎಂದಾದರೂ ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಸಿಕ್ಕಿದೆ ಎಂದು ನಿಷಿದ್ಧ ಮಾದಕಗಳ ಬಗ್ಗೆ ಅದೇ ಏಮ್ಸ್ ಸಮೀಕ್ಷೆ ಹೇಳಿದೆ. ತಮ್ಮೂರಿನ ಇಬ್ಬರೂ ಉಳಿದ ಹತ್ತೊಂಬತ್ತರೊಳಗೆ ಸೇರಬೇಕೇ? ಅವರು ವ್ಯಸನಿಗಳೋ, ಒಂದೆರಡು ಸಲ ರುಚಿ ನೋಡಿದವರೋ ಎಂಬುದನ್ನೇ ಇನ್ನೂ ಯಾವ ವೈದ್ಯರೂ ನೋಡಿಲ್ಲ. ತೀರ್ಪು ಮಾತ್ರ ಆಗಿಹೋಗಿದೆ.

ಮೂವತ್ತು ವರ್ಷ ಪಾಠ ಮಾಡಿದ ತಮ್ಮ ಮಾತಿಗೆ ಆ ಶಾಲೆಯಲ್ಲಿ ಬೆಲೆಯಿದೆ, ನಮ್ಮ ಪತ್ರಿಕೆಯ ಮಾತಿಗಿಂತ ಹೆಚ್ಚೇ ಇದೆ. ಮಾರ್ಚ್ ಪರೀಕ್ಷೆಗೆ ಇನ್ನೂ ಸಮಯವಿದೆ. ಸಂಘದ ಸಭೆಯನ್ನು ಇನ್ನೊಮ್ಮೆ ಕರೆಯಿಸಿ, ಟಿ.ಸಿ. ಹಿಂದಕ್ಕೆ ಪಡೆಯುವಂತೆ ತಾವೇ ಎದ್ದು ನಿಂತು ಹೇಳಬೇಕು. ಇಬ್ಬರ ಮನೆಗೂ ಹೋಗಿ ತಂದೆತಾಯಂದಿರನ್ನು ಒಪ್ಪಿಸಬೇಕು. ನೀಲೇಶ್ವರಕ್ಕೆ ಹೋಗುವ ದಿನ ಮಲಯಾಳ ಬಲ್ಲ, ಕನ್ನಡದಲ್ಲಿ ಹುಡುಗರ ಜತೆ ಮಾತನಾಡಬಲ್ಲ ಒಬ್ಬರು ಜತೆಗಿರಬೇಕಾಗುತ್ತದೆ. ಬಿಡುವಿದ್ದರೆ ತಾವು, ಇಲ್ಲವಾದರೆ ನಮ್ಮ ಕಚೇರಿಗೆ ಒಂದು ಫೋನ್ ಮಾಡಿ, ನಾವು ಯಾರನ್ನಾದರೂ ಕಳುಹಿಸುತ್ತೇವೆ.

ಸಂಪಾದಕ