ಶಟ್‌ಡೌನ್ ಕೊಟ್ಟರೂ ಆಫ್ ಆಗದ ಕಂಪ್ಯೂಟರ್

ಪ್ರಶ್ನೆ: ತಿಪಟೂರಿನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. ಕಂಪ್ಯೂಟರಿಗೆ ಉಬುಂಟು 22.04 ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿಸಿದ್ದೇನೆ. ಅಪ್‌ಡೇಟ್ ಮಾಡಲಾ ಅಂತ ಕೇಳಿತು, ಹೂಂ ಅಂದೆ. ಅದರ ತಿರುಳಾದ ಕರ್ನಲ್ 6.5 ಇದ್ದದ್ದು 6.8 ಆಯಿತು. ಅವತ್ತಿನಿಂದ ಶಟ್‌ಡೌನ್ ಕೊಟ್ಟರೆ ಸ್ಕ್ರೀನ್ ಕಪ್ಪಾಗುತ್ತದೆ, ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತದೆ. ಒಂದು ರಾತ್ರಿ ಗಮನಿಸದೆ ಶಟರ್ ಎಳೆದುಕೊಂಡು ಹೋದೆ. ಕರೆಂಟ್ ಹೋಗಿತ್ತಂತೆ, ಬೆಳಗ್ಗೆ ಬಂದರೆ ಯುಪಿಎಸ್ ಪೂರ್ತಿ ಖಾಲಿ. ಈಗ ದಿನಾ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುತ್ತಿದ್ದೇನೆ. ಇದರಿಂದ ಫೈಲುಗಳು ಹಾಳಾಗುತ್ತವಾ?

ಉತ್ತರ: ನೀವು ಬಟನ್ ಒತ್ತುವ ಹೊತ್ತಿಗೆ ಅದು ಎಲ್ಲಿಗೆ ಬಂದು ನಿಂತಿರುತ್ತದೆ ಅನ್ನೋದರ ಮೇಲಿದೆ. ಶಟ್‌ಡೌನ್ ಕೊಟ್ಟ ಕೂಡಲೇ ಎಸ್ಕೇಪ್ ಕೀ ಒತ್ತಿ. ಉಬುಂಟು ಲೋಗೋ ಹೋಗಿ ಸಾಲು ಸಾಲು ಅಕ್ಷರ ಕಾಣಿಸುತ್ತವೆ. ಕೊನೆಯ ಸಾಲಿನ ಫೋಟೋ ತೆಗೆದಿಟ್ಟುಕೊಳ್ಳಿ.

ಅದು ‘ರೀಬೂಟ್: ಪವರ್ ಡೌನ್’ ಅಂತಿದ್ದರೆ ನಿಶ್ಚಿಂತೆಯಿಂದ ಬಟನ್ ಒತ್ತಿ. ಅಷ್ಟು ಹೊತ್ತಿಗೆ ಡಿಸ್ಕಿಗೆ ಬರೆಯುವುದೆಲ್ಲ ಮುಗಿದಿರುತ್ತದೆ. ಉಳಿದಿರೋದು ಒಂದೇ ಕೆಲಸ: ಎಸಿಪಿಐ ಎಂಬ ವ್ಯವಸ್ಥೆಯ ಮೂಲಕ ಕರ್ನಲ್ ಮದರ್‌ಬೋರ್ಡಿಗೆ ‘ಇನ್ನು ಕರೆಂಟ್ ಕಡಿ’ ಅಂತ ಹೇಳುವುದು. ಅದು ಹೇಳಿಯಾಗಿದೆ, ಬೋರ್ಡ್ ಕೇಳುತ್ತಿಲ್ಲ. ಇಂಥ ಕಡೆ ಬಯಾಸ್ (ಮದರ್‌ಬೋರ್ಡಿನಲ್ಲೇ ಇರುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಕೆಲವೊಮ್ಮೆ ಕೈಹಿಡಿಯುತ್ತದೆ. ಆದರೆ ಬಯಾಸ್ ಅಪ್‌ಡೇಟ್ ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡೇ ಸಾಯಬಹುದು, ಯುಪಿಎಸ್ ಫುಲ್ ಚಾರ್ಜ್ ಆದಮೇಲೇ ಕೈಹಾಕಿ.

‘ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್’ ಅಂತಿದ್ದರೆ ಕರ್ನಲ್ಲಿನ ತಪ್ಪಲ್ಲ, ಯಾವುದೋ ಪ್ರೋಗ್ರಾಂ ಮುಚ್ಚಿಕೊಳ್ಳದೆ ಹಟ ಹಿಡಿದಿದೆ. ಸಾಮಾನ್ಯವಾಗಿ 90 ಸೆಕೆಂಡ್ ಕಾದು ಉಬುಂಟುವೇ ಅದನ್ನು ಬಲವಂತವಾಗಿ ನಿಲ್ಲಿಸುತ್ತದೆ. ಸುಮ್ನೆ ಕಾಯಿರಿ, ಇಲ್ಲಿ ಬಟನ್ ಒತ್ತಿದರೆ ಫೈಲುಗಳಿಗೆ ಅಪಾಯ. ‘ವಾಚ್‌ಡಾಗ್ ಡಿಡ್ ನಾಟ್ ಸ್ಟಾಪ್’ ಎಂಬ ಸಾಲು ಕಂಡರೆ ಹೆದರಬೇಡಿ. ಸರಿಯಾಗಿ ಆಫ್ ಆಗುವ ಕಂಪ್ಯೂಟರುಗಳಲ್ಲೂ ಅದು ಬರುತ್ತದೆ, ಪಾಪ, ಎಲ್ಲರೂ ಅದನ್ನೇ ಬೈಯುತ್ತಾರೆ.

‘ಸ್ಟಾಪ್ ಜಾಬ್’, ‘ಪವರ್ ಡೌನ್’ ಸಾಲುಗಳ ನಡುವೆ ಎಲ್ಲೋ ನಿಂತರೆ ನನಗೆ ಅನುಮಾನ ಡ್ರೈವರುಗಳ ಮೇಲೆ, ಅಂದರೆ ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ಸಾಫ್ಟ್‌ವೇರುಗಳ ಮೇಲೆ. ಪ್ರಿಂಟರ್, ಪೆನ್‌ಡ್ರೈವ್, ವೈಫೈ ಡಾಂಗಲ್ ಎಲ್ಲ ಕಿತ್ತು ಒಮ್ಮೆ ಶಟ್‌ಡೌನ್ ಮಾಡಿ ನೋಡಿ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಎರಡು ವಾರ ತಲೆ ಕೆಡಿಸಿದ್ದು 400 ರೂಪಾಯಿಯ ಒಂದು ಡಾಂಗಲ್! ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಡ್ರೈವರನ್ನೂ ಹೊಸ ಕರ್ನಲ್ಲಿಗೆ ಮತ್ತೆ ಹಾಕಬೇಕಾಗಬಹುದು.

ಇನ್ನು, ಹಳೇ ಕರ್ನಲ್ ಸಾಮಾನ್ಯವಾಗಿ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ಆನ್ ಆಗುವಾಗ ಎಸ್ಕೇಪ್ ಒತ್ತಿದರೆ, ಹಳೇ ಬಯಾಸ್ ಆದರೆ ಶಿಫ್ಟ್ ಹಿಡಿದರೆ, ಯಾವ ಕರ್ನಲ್ ಬೇಕು ಅಂತ ಆರಿಸುವ ಗ್ರಬ್ ಮೆನು ಬರುತ್ತದೆ. ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಿ 6.5 ಆರಿಸಿ. ಅದರಲ್ಲಿ ನೀಟಾಗಿ ಆಫ್ ಆದರೆ ಕಳ್ಳ ಸಿಕ್ಕಿದ ಹಾಗೆ, ಅಲ್ವಾ? ಸದ್ಯಕ್ಕೆ ಅದರಲ್ಲೇ ಕೆಲಸ ಮಾಡಿಕೊಳ್ಳಿ. ಜಾಸ್ತಿ ದಿನ ಬೇಡ, ಭದ್ರತೆಯ ತಿದ್ದುಪಡಿಗಳು ಅದಕ್ಕೆ ಬರುವುದಿಲ್ಲ. ಮುಂದಿನ 6.8 ಅಪ್‌ಡೇಟ್ ಬಂದಾಗ ಮತ್ತೆ ಶಟ್‌ಡೌನ್ ಕೊಟ್ಟು, ಶಟರ್ ಎಳೆಯುವ ಮುಂಚೆ ಫ್ಯಾನ್ ನಿಂತಿದೆಯಾ ನೋಡಿಕೊಳ್ಳಿ.